ಒಳಗೆ ಹೋಗಿ ಬಂದರೆ ಬುದ್ಧಿ ಬರುತ್ತಾ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನನ್ನ ಅಕ್ಕನ ಮಗನಿಗೆ ಈಗ 20 ವರ್ಷ 4 ತಿಂಗಳು. ಭಾವ ತೀರಿಕೊಂಡು ಆರು ವರ್ಷವಾಯಿತು. ಹುಡುಗ ಐಟಿಐ ಎಲೆಕ್ಟ್ರಿಷಿಯನ್ ಓದುತ್ತಿದ್ದವನು ಎರಡನೇ ವರ್ಷಕ್ಕೆ ಬಿಟ್ಟ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡೋ ಆಟಕ್ಕೆ ಬಿದ್ದು ಸಾಲ ಮಾಡಿಕೊಂಡ. ಕಳೆದ ವರ್ಷ ಇಬ್ಬರು ಸ್ನೇಹಿತರ ಜೊತೆ ಸೇರಿ ಪಕ್ಕದೂರಿನ ರೈತರೊಬ್ಬರ ಬೋರ್‌ವೆಲ್ ಕೇಬಲ್ ಕದ್ದ. ದೂರಿನಲ್ಲಿ 18 ಸಾವಿರ ರೂಪಾಯಿ ನಷ್ಟ ಅಂತ ಇದೆ. ಗುಜರಿಯಲ್ಲಿ ಇವರಿಗೆ ಸಿಕ್ಕಿದ್ದು 2,400. ಜೈಲಲ್ಲಿ 19 ದಿನ ಇದ್ದು ಜಾಮೀನಿನ ಮೇಲೆ ಬಂದಿದ್ದಾನೆ. ಸಂಜೆ ಆರಕ್ಕೆ ಮನೆ ಬಿಟ್ಟರೆ ಹತ್ತರ ತನಕ ಎಲ್ಲಿರುತ್ತಾನೋ ಗೊತ್ತಿಲ್ಲ. ಜೈಲಲ್ಲಿ ಪರಿಚಯವಾದ ಒಬ್ಬ ಈಗಲೂ ಫೋನ್ ಮಾಡುತ್ತಾನೆ. ಅಕ್ಕ ನಾಚಿಕೆಯಿಂದ ಇದುವರೆಗೆ ಕೋರ್ಟ್ ಕಡೆ ತಲೆ ಹಾಕಿಲ್ಲ. ಶಿಕ್ಷೆ ಆದರೂ ಪ್ರೊಬೇಷನ್ ಕೇಳೋಣ ಎನ್ನುತ್ತಾರೆ ವಕೀಲರು. ಹಾಗಂದರೆ ಸುಮ್ನೆ ಬಿಟ್ಟು ಕಳಿಸೋದು ತಾನೇ? ಒಂದು ಸಲ ಸರಿಯಾಗಿ ಒಳಗೆ ಹೋಗಿ ಬಂದರೆ ಬುದ್ಧಿ ಬರುತ್ತದೆ ಅಂತ ನೆಂಟರು ಹೇಳುತ್ತಿದ್ದಾರೆ. ಬೆಂಗಳೂರಿನಲ್ಲಿ ನನ್ನ ತಮ್ಮನ ಮನೆಗೆ ಕಳಿಸಿಬಿಡೋಣ ಅನ್ನೋದು ನನ್ನ ಯೋಚನೆ. ಯಾವುದು ಸರಿ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳಿಗೆ ಬರುತ್ತೇನೆ. ಅದಕ್ಕೂ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಪತ್ರದ ಮಧ್ಯದ ಒಂದು ಸಾಲು. ಸಂಜೆ ಆರರಿಂದ ಹತ್ತರ ತನಕ ಹುಡುಗ ಎಲ್ಲಿರುತ್ತಾನೋ ಗೊತ್ತಿಲ್ಲ ಅಂದಿರಲ್ಲ, ಅದು.

ನಾನು ಮೈಸೂರು, ಮಂಡ್ಯ ಕಡೆ ಪರಿವೀಕ್ಷಣಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ಜನ ಕರೆಯುವುದು ಪ್ರೊಬೇಷನ್ ಆಫೀಸರ್ ಅಂತಲೇ. ಯಾವ ಮನೆಗೆ ಹೋದರೂ ಕಾಫಿ ಕೊಡುವ ಮೊದಲೇ ನಾನು ಕೇಳುತ್ತಿದ್ದದ್ದು ಇದು: ಸಂಜೆ ಹೊತ್ತು ಏನು ಮಾಡ್ತಾನೆ? ಹಗಲಿನ ಬಗ್ಗೆ ಎಲ್ಲರೂ ಏನೋ ಒಂದು ಹೇಳುತ್ತಾರೆ. ಸಂಜೆಯ ಬಗ್ಗೆ ಕೇಳಿದರೆ ತಾಯಿ ಮಗನ ಮುಖ ನೋಡುತ್ತಾಳೆ, ಮಗ ಗೋಡೆ ನೋಡುತ್ತಾನೆ. ಕೇಬಲ್ ಕದಿಯುವುದೂ ಕತ್ತಲಲ್ಲಿ, ಅದನ್ನು ನಾಲೆ ಏರಿಯ ಮೇಲೆ ಸುಟ್ಟು ತಾಮ್ರ ಬಿಡಿಸುವುದೂ ಕತ್ತಲಲ್ಲಿ. ಕದ್ದವನ ಮನೆಯವರಿಗೆ ಅಂಗಿಯ ಮೇಲಿನ ಸುಟ್ಟ ರಬ್ಬರ್ ವಾಸನೆ ಗೊತ್ತಾಗಿರುತ್ತದೆ. ಕೇಳಿರುವುದಿಲ್ಲ, ಅಷ್ಟೆ.

ಮೊದಲು ಒಂದು ಗೊಂದಲ ಬಿಡಿಸೋಣ. ಜಾಮೀನೇ ಬೇರೆ, ಪ್ರೊಬೇಷನ್ನೇ ಬೇರೆ. ಜಾಮೀನು ಸಿಗುವುದು ಕೇಸು ನಡೆಯುವಾಗ. ಪ್ರೊಬೇಷನ್ ಬರುವುದು ಕೋರ್ಟ್ 'ತಪ್ಪು ಮಾಡಿದ್ದಾನೆ' ಅಂತ ತೀರ್ಮಾನಿಸಿದ ಮೇಲೆ. ಆಗ ನ್ಯಾಯಾಧೀಶರು ಜೈಲು ಶಿಕ್ಷೆ ವಿಧಿಸುವ ಬದಲು, 'ಇಷ್ಟು ಕಾಲ ಸನ್ನಡತೆಯಿಂದ ಇರುತ್ತೇನೆ, ಕರೆದಾಗ ಬರುತ್ತೇನೆ' ಅಂತ ಮುಚ್ಚಳಿಕೆ ಬರೆಸಿಕೊಂಡು ಕಳಿಸಬಹುದು. ಇದಕ್ಕೆ ಆಧಾರ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಅದರ 4ನೇ ಸೆಕ್ಷನ್ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಗಾಗದ ಯಾವ ಅಪರಾಧಕ್ಕೂ ಈ ದಾರಿ ತೆರೆದಿದೆ. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ ಮೂರು ವರ್ಷ. ಅಧಿಕಾರಿಯ ಮೇಲ್ವಿಚಾರಣೆ ಬೇಕು ಅಂತ ಕೋರ್ಟ್ ಆದೇಶ ಮಾಡಿದರೆ, ಅದು ಒಂದು ವರ್ಷಕ್ಕೆ ಕಡಿಮೆ ಇರುವಂತಿಲ್ಲ. ಎಲ್ಲಿ ವಾಸ ಮಾಡಬೇಕು, ಕುಡಿಯಬಾರದು, ಇಂಥ ಷರತ್ತುಗಳನ್ನೂ ಸೇರಿಸಬಹುದು. ಇನ್ನೂ ಹಗುರವಾದದ್ದು 3ನೇ ಸೆಕ್ಷನ್: ಮೊದಲ ಸಲದ ಸಣ್ಣ ಕಳ್ಳತನದಂಥ ಪ್ರಕರಣದಲ್ಲಿ ಬುದ್ಧಿ ಹೇಳಿ, ಎಚ್ಚರಿಸಿ ಕಳಿಸುವುದು.

ಮುಚ್ಚಳಿಕೆ ಮುರಿದರೆ? ಸಮನ್ಸೋ ವಾರಂಟೋ ಬರುತ್ತದೆ. ಮೊದಲು ಮಾಡಿದ ತಪ್ಪಿಗೇ ಶಿಕ್ಷೆ ಕೊಡುವ ಅಧಿಕಾರ ಕೋರ್ಟಿಗೆ ಹಾಗೇ ಉಳಿದಿರುತ್ತದೆ. ಹಾಗಾಗಿ ಇದು 'ಸುಮ್ನೆ ಬಿಟ್ಟು ಕಳಿಸೋದು' ಅಲ್ಲ. ಶಿಕ್ಷೆ ಮೊಳೆಗೆ ನೇತುಹಾಕಿದ ಅಂಗಿಯ ಹಾಗೆ ಅಲ್ಲೇ ಇರುತ್ತದೆ, ಯಾವಾಗ ಬೇಕಾದರೂ ತೊಡಿಸಬಹುದು. ಮೊದಲ ಸಲ ತಪ್ಪಿದರೆ ಕೋರ್ಟ್ ಬರೀ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಲೂಬಹುದು. ಆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 50 ರೂಪಾಯಿ. 1958ರಲ್ಲಿ ಅದು ದೊಡ್ಡ ದುಡ್ಡು. ಈಗ ಕೋರ್ಟ್ ಮುಂದಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ಸರಿಹೋಗುತ್ತದೆ. ಅದನ್ನು ನಂಬಿಕೊಂಡು ಕೂರಬೇಡಿ.

ನಿಮ್ಮ ಹುಡುಗನ ವಿಷಯದಲ್ಲಿ ವಯಸ್ಸಿನ ಲೆಕ್ಕ ಮುಖ್ಯ. 21 ವರ್ಷದೊಳಗಿನವರನ್ನು ಸಾಧ್ಯವಾದಷ್ಟೂ ಜೈಲಿಗೆ ಕಳಿಸಬಾರದು ಎಂದು 6ನೇ ಸೆಕ್ಷನ್ ಹೇಳುತ್ತದೆ. ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಕಳಿಸಲೇಬೇಕು ಅನ್ನಿಸಿದರೆ ನ್ಯಾಯಾಧೀಶರು ಪರಿವೀಕ್ಷಣಾಧಿಕಾರಿಯಿಂದ ವರದಿ ತರಿಸಿಕೊಂಡು, ಯಾಕೆ ಅಂತ ಕಾರಣ ಬರೆಯಬೇಕು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಲೆಕ್ಕಕ್ಕೆ ಬರುವುದು ಕದ್ದ ದಿನದ ವಯಸ್ಸಲ್ಲ, ವಿಚಾರಣಾ ಕೋರ್ಟ್ ತೀರ್ಪು ಕೊಡುವ ದಿನದ ವಯಸ್ಸು ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ನಿಮ್ಮವನಿಗೆ 21 ತುಂಬಲು ಇನ್ನು ಎಂಟೇ ತಿಂಗಳು. ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಕೇಸು ಎಳೆದರೆ ಒಳ್ಳೆಯದು ಅಂತ ಹಳ್ಳಿ ಕಡೆ ಒಂದು ನಂಬಿಕೆ ಇದೆಯಲ್ಲ, ಇಲ್ಲಿ ಅದು ತಿರುಗುಬಾಣ. 21 ದಾಟಿದರೂ 4ನೇ ಸೆಕ್ಷನ್ ಕೇಳಬಹುದು, ಬಾಗಿಲು ಮುಚ್ಚುವುದಿಲ್ಲ. ಆದರೆ ಆಗ ಅದು ನ್ಯಾಯಾಧೀಶರ ಮನಸ್ಸಿಗೆ ಬಿಟ್ಟದ್ದು. ವಕೀಲರ ಹತ್ತಿರ ಇದನ್ನು ಇವತ್ತೇ ಮಾತಾಡಿ.

ಇನ್ನು ಕಳವಾದ ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿ, ಮೊದಲ ಅಪರಾಧವಾಗಿ, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಶಿಕ್ಷೆಯಾಗಿ ಸಮುದಾಯ ಸೇವೆ ವಿಧಿಸಬೇಕು ಎಂದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಹೇಳುತ್ತದೆ. ನಿಮ್ಮ ಕೇಸಿನಲ್ಲಿ 18 ಸಾವಿರ ಅಂತ ಇರುವುದರಿಂದ ಅದು ನಿಮಗೆ ಅನ್ವಯಿಸುವುದಿಲ್ಲ.

ಈಗ ನೆಂಟರ ಮಾತಿಗೆ ಬರೋಣ. 'ಒಳಗೆ ಹೋಗಿ ಬಂದರೆ ಬುದ್ಧಿ ಬರುತ್ತೆ.'

ಈಗಾಗಲೇ 19 ದಿನ ಹೋಗಿ ಬಂದಿದ್ದಾನಲ್ಲ, ಏನು ಬಂತು? ನಿಮ್ಮ ಪತ್ರದಲ್ಲೇ ಇದೆ ಉತ್ತರ: ಒಂದು ಫೋನ್ ನಂಬರ್ ಬಂತು. ಆ ನಂಬರಿನವನಿಗೆ ಎಷ್ಟು ಕೇಸಿವೆಯೋ ಕೇಳಿ ನೋಡಿ. ಪ್ರಶ್ನೆ ಕೇಳದೆ ತಾಮ್ರ ತಗೊಳ್ಳೋ ಗುಜರಿ ಯಾವುದು, ಕಿಲೋಗೆ ಎಷ್ಟು ಕೊಡ್ತಾರೆ, ಪೊಲೀಸರು ಕೇಳಿದರೆ ಏನು ಹೇಳಬೇಕು, ಇದೆಲ್ಲ ಅಲ್ಲಿ ಯಾವ ಫೀಸೂ ಇಲ್ಲದೆ ಕಲಿಸುತ್ತಾರೆ. 2022ರ ಲೆಕ್ಕದಲ್ಲಿ ನಮ್ಮ ದೇಶದ ಜೈಲುಗಳಲ್ಲಿದ್ದವರ ಪೈಕಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅಂದರೆ ತಪ್ಪು ಮಾಡಿದ್ದಾರೆ ಅಂತ ಇನ್ನೂ ತೀರ್ಮಾನವೇ ಆಗದವರು. ಹೊಸಬರೂ ಪಳಗಿದವರೂ ಒಂದೇ ಬ್ಯಾರಕ್ಕಿನಲ್ಲಿ ತಿಂಗಳುಗಟ್ಟಲೆ ಏನೂ ಕೆಲಸವಿಲ್ಲದೆ ಕೂತಿದ್ದರೆ ಮಾತು ಎಲ್ಲಿಗೆ ಹೋಗುತ್ತದೆ?

ಇದು ನನ್ನ ಅನುಭವದ ಮಾತು ಮಾತ್ರ ಅಂದುಕೊಳ್ಳಬೇಡಿ. ಜೈಲಿಗೆ ಹೋದವರನ್ನೂ, ಅಂಥದೇ ತಪ್ಪು ಮಾಡಿ ಹೊರಗೇ ಶಿಕ್ಷೆ ಅನುಭವಿಸಿದವರನ್ನೂ ಹೋಲಿಸಿದ 116 ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದ ಸಂಶೋಧಕರು 2021ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಜೈಲು ಮರು-ಅಪರಾಧವನ್ನು ಕಡಿಮೆ ಮಾಡುವುದಿಲ್ಲ, ಸ್ವಲ್ಪ ಜಾಸ್ತಿ ಮಾಡಿದರೂ ಮಾಡಬಹುದು ಅನ್ನೋದು ಅದರ ತೀರ್ಮಾನ. ಹೆದರಿಸುವ ಇನ್ನೊಂದು ಪ್ರಯೋಗವೂ ಅಲ್ಲಿ ನಡೆದಿತ್ತು. ದಾರಿ ತಪ್ಪುತ್ತಿರುವ ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗಿ, ಕೈದಿಗಳಿಂದಲೇ ಬೈಸಿ ಹೆದರಿಸಿ ವಾಪಸ್ ಕರೆತರುವುದು. ಟೀವಿಯಲ್ಲೂ ಬಂದು ಹೆಸರು ಮಾಡಿತ್ತು. ಆಮೇಲೆ ಸರಿಯಾಗಿ ಅಳೆದು ನೋಡಿದಾಗ, ಜೈಲು ನೋಡಿ ಬಂದ ಹುಡುಗರೇ ನೋಡದವರಿಗಿಂತ ಜಾಸ್ತಿ ತಪ್ಪು ಮಾಡಿದ್ದರು. 'ಸ್ಟೇಷನ್ನಿಗೆ ಕರ್ಕೊಂಡು ಹೋಗಿ ನಾಲ್ಕು ಬಿಡಿಸಿ ಸಾರ್' ಅಂತ ನಮ್ಮಲ್ಲೂ ಅಪ್ಪಂದಿರು ಬರುತ್ತಾರಲ್ಲ, ಅವರಿಗೆ ನಾನು ಇದನ್ನೇ ಹೇಳುತ್ತಿದ್ದೆ.

ಹಾಗಂತ ಜೈಲೇ ಬೇಡ ಅನ್ನೋ ವಾದ ನನ್ನದಲ್ಲ. ಕೆಲವರನ್ನು ಒಳಗೆ ಇಡಲೇಬೇಕು, ಊರಿಗೆ ಅವರಿಂದ ಅಪಾಯ ಇದೆ. ಆದರೆ ಒಳಗಿದ್ದವರೂ ಒಂದು ದಿನ ಹೊರಗೆ ಬರುತ್ತಾರೆ. ಮೈಸೂರು ಕೇಂದ್ರ ಕಾರಾಗೃಹದ ಕೈದಿಗಳು ನಾಟಕ ಆಡಿದ್ದು ನಿಮಗೆ ಗೊತ್ತಿರಬಹುದು. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರಿಗೆ ತರಬೇತಿ ಕೊಟ್ಟು, ಹೊರಗಿನ ರಂಗಮಂದಿರಗಳಿಗೂ ಕರೆತಂದು ಆಡಿಸಿದರು. ಕೊಲೆ ಮಾಡಿದವನಿಗೆ ನಾಟಕವೇ ಅಂತ ಮೂಗು ಮುರಿದವರು ಬಹಳ ಜನ. ರಿಹರ್ಸಲ್ ಅಂದರೆ ಏನು ಅಂತ ಯೋಚಿಸಿ. ದಿನಾ ಒಂದೇ ಹೊತ್ತಿಗೆ ಹಾಜರಿರಬೇಕು. ನಿನ್ನ ಮಾತು ನೆನಪಿದ್ದರೆ ಸಾಲದು, ಎದುರಿನವನ ಮಾತೂ ನೆನಪಿರಬೇಕು. ನೀನು ಬರದಿದ್ದರೆ ಹತ್ತು ಜನರ ಕೆಲಸ ನಿಲ್ಲುತ್ತದೆ. ಅಂಥದೊಂದು ಹೊತ್ತು ಅವರ ಬದುಕಿನಲ್ಲಿ ಮೊದಲು ಇರಲಿಲ್ಲ.

ಮತ್ತೆ ಸಂಜೆಗೇ ಬಂದೆ ನೋಡಿ. ಈ ಪ್ರೊಬೇಷನ್ ಅನ್ನೋದು ಹುಟ್ಟಿದ್ದೇ ಹಾಗೆ. 1841ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜಾನ್ ಅಗಸ್ಟಸ್ ಅನ್ನುವ ಬೂಟು ಹೊಲಿಯುವವರೊಬ್ಬರು ಕೋರ್ಟಿನಲ್ಲಿ ಕೂತಿದ್ದರು. ಕುಡಿದು ಬಿದ್ದಿದ್ದ ಒಬ್ಬನನ್ನು ಜೈಲಿಗೆ ಕಳಿಸುವುದರಲ್ಲಿದ್ದರು. ಅಗಸ್ಟಸ್ ಎದ್ದು ನಿಂತು, ಇವನಿಗೆ ನಾನು ಜಾಮೀನು ಅಂದರು. ಮನೆಗೆ ಕರೆದುಕೊಂಡು ಹೋದರು. ಕುಡಿಯುವುದಿಲ್ಲ ಅಂತ ಬರೆಸಿಕೊಂಡರು. ಕೆಲಸ ಹುಡುಕಿಕೊಟ್ಟರು. ಮೂರು ವಾರ ಬಿಟ್ಟು ಕೋರ್ಟಿಗೆ ಕರೆತಂದಾಗ ನ್ಯಾಯಾಧೀಶರಿಗೆ ಗುರುತೇ ಸಿಗಲಿಲ್ಲವಂತೆ. ಒಂದು ಸೆಂಟ್ ದಂಡ ಹಾಕಿ ಬಿಟ್ಟರು. 1859ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಗಸ್ಟಸ್ ಹೀಗೆ ಸುಮಾರು ಎರಡು ಸಾವಿರ ಜನಕ್ಕೆ ನಿಂತಿದ್ದರು. ಸಂಬಳವಿಲ್ಲ, ಹುದ್ದೆಯಿಲ್ಲ. ಇವತ್ತಿಗೂ ನಮ್ಮ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಪರಿವೀಕ್ಷಣಾಧಿಕಾರಿಯ ಕರ್ತವ್ಯಗಳ ಸಾಲಿನಲ್ಲಿ 'ಅಗತ್ಯವಿದ್ದರೆ ಸೂಕ್ತ ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದು' ಅಂತಲೂ ಇದೆ. ಬಹಳಷ್ಟು ವಕೀಲರಿಗೇ ಇದು ಗೊತ್ತಿಲ್ಲ.

ಆ ಮಾತು ಎಷ್ಟು ದೊಡ್ಡದು ಅಂತ ನನಗೆ ಅರ್ಥವಾಗಿದ್ದು ಒಬ್ಬ ಹುಡುಗನನ್ನು ಕಳೆದುಕೊಂಡ ಮೇಲೆ. ಹೆಸರು, ಊರು ಬೇಡ. ಪ್ರತಿ ತಿಂಗಳ ಮೊದಲ ಸೋಮವಾರ ತಪ್ಪದೆ ಬರುತ್ತಿದ್ದ. ರಿಜಿಸ್ಟರಿನಲ್ಲಿ ಸಹಿ ಹಾಕಿ, 'ಹೇಗಿದ್ದೀಯಪ್ಪ' ಅಂದರೆ 'ಚೆನ್ನಾಗಿದ್ದೀನಿ ಸಾರ್' ಅಂತ ಹೇಳಿ ಹೋಗುತ್ತಿದ್ದ. ಹದಿಮೂರು ಸಹಿ ಹಾಕಿದ್ದಾನೆ. ಹದಿನಾಲ್ಕನೇ ತಿಂಗಳು ಮೊಬೈಲ್ ಕಿತ್ತುಕೊಂಡು ಓಡುವಾಗ ಸಿಕ್ಕಿಬಿದ್ದ. ಫೈಲು ತೆಗೆದು ನೋಡಿದರೆ ಅವನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಸಹಿ ಮಾತ್ರ ಗುಂಡಗೆ ಚೆನ್ನಾಗಿತ್ತು. ಅಲ್ಲಿ ತಪ್ಪಿದ್ದು ನಾನು.

ಆಮೇಲೆ ಇನ್ನೊಬ್ಬ ಬಂದ. ಇವನಿಗಿಂತ ಜಾಸ್ತಿ ಕೆಟ್ಟ ಹೆಸರಿದ್ದವನು. ಅವನನ್ನು ಮೇಟಗಳ್ಳಿ ಕಡೆ ಒಂದು ಲಾರಿ ಪಂಕ್ಚರ್ ಅಂಗಡಿಗೆ ಸೇರಿಸಿದೆ. ಮಾಲೀಕರಿಗೆ ಕೇಸಿನ ವಿಷಯ ಮುಚ್ಚಿಡಲಿಲ್ಲ. ಅವರು ಒಂದೇ ಮಾತು ಹೇಳಿದರು: 'ಬೆಳಿಗ್ಗೆ ಒಂಬತ್ತಕ್ಕೆ ಬರ್ಲಿ ಸಾರ್, ಮಿಕ್ಕಿದ್ದು ನಾನು ನೋಡ್ಕೋತೀನಿ.' ಒಂಬತ್ತೂಕಾಲಾದರೂ ಹುಡುಗ ಬರದಿದ್ದರೆ ನನಗೆ ಫೋನ್ ಬರುತ್ತಿತ್ತು. ರಾತ್ರಿ ಲಾರಿಗಳು ಜಾಸ್ತಿ, ಹಾಗಾಗಿ ಅಂಗಡಿ ಮುಚ್ಚುವುದು ಹತ್ತಕ್ಕೆ. ಮೊದಲ ಎರಡು ತಿಂಗಳು ಜಗಳ. ಎರಡು ಸಲ ಕೆಲಸ ಬಿಟ್ಟ. ಎರಡು ಸಲವೂ ಮಾಲೀಕರು ಮತ್ತೆ ಕರೆದುಕೊಂಡರು. ಹಳೆ ಸ್ನೇಹಿತರು ಏಳು ಗಂಟೆಗೆ ಬಂದು ಕರೆದರೆ ಇವನ ಕೈಯಲ್ಲಿ ಟೈರ್ ಇರುತ್ತಿತ್ತು. ಆರು ತಿಂಗಳಾದ ಮೇಲೆ ಅವರು ಬರುವುದನ್ನೇ ಬಿಟ್ಟರು. ನಾನು ಅವನಿಗೆ ಒಂದೇ ಒಂದು ಸಲವೂ 'ಅವರ ಸಹವಾಸ ಬಿಡು' ಅಂತ ಹೇಳಿರಲಿಲ್ಲ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅಂತ ನಿಮ್ಮ ನೆಂಟರು ಇಷ್ಟರಲ್ಲೇ ಹೇಳಿಯೇ ಇರುತ್ತಾರೆ. ಗಾದೆಗೆ ಎದುರಾಡಬಾರದು, ಆದರೆ ಈ ವಿಷಯದಲ್ಲಿ ಅದು ನಿಜವಲ್ಲ. ಬಾಸ್ಟನ್ ಸುತ್ತಿನ ಸುಧಾರಣಾ ಶಾಲೆಗಳಿಂದ ಆರಿಸಿದ 500 ಹುಡುಗರ ಬಗ್ಗೆ ಗ್ಲೂಕ್ ಎಂಬ ಸಂಶೋಧಕ ದಂಪತಿ ಮಾಹಿತಿ ಸಂಗ್ರಹಿಸಿದ್ದರು. ಜಾನ್ ಲಾಬ್, ರಾಬರ್ಟ್ ಸ್ಯಾಂಪ್ಸನ್ ಎಂಬ ಇಬ್ಬರು ಸಂಶೋಧಕರು ಆ ಹುಡುಗರ ಬದುಕನ್ನು 70ನೇ ವಯಸ್ಸಿನವರೆಗೂ ಹಿಂಬಾಲಿಸಿದರು. ಎಂಥ ಕಿಲಾಡಿ ಅನ್ನಿಸಿಕೊಂಡವನಾದರೂ ವಯಸ್ಸಾಗುತ್ತ ತಪ್ಪು ಕಡಿಮೆಯಾಗುತ್ತಲೇ ಹೋಯಿತು. ಬೇಗ ನಿಲ್ಲಿಸಿದವರ ಬದುಕಿನಲ್ಲಿ ಏನಿತ್ತು ಅಂತ ನೋಡಿದರೆ ಸ್ಥಿರವಾದ ಕೆಲಸ, ಹೊಂದಿಕೊಂಡ ಸಂಸಾರ, ಸೈನ್ಯದ ನೌಕರಿ, ಜಾಗ ಬದಲಾವಣೆ. ನಾಲ್ಕೂ ಮಾಡುವುದು ಒಂದೇ ಕೆಲಸ. ದಿನದ ಹೊತ್ತನ್ನು ಬೇರೆಯವರ ಕೈಗೆ ಕೊಡುತ್ತವೆ.

'ಹಾಗಾದರೆ ಮದುವೆ ಮಾಡಿಬಿಡೋಣ' ಅಂತ ಯಾರಾದರೂ ಎದ್ದರೆ ಕೂರಿಸಿ. ಮೊದಲನೆಯದು, ಗಂಡಿಗೆ 21 ತುಂಬದೆ ಕಾನೂನು ಒಪ್ಪುವುದಿಲ್ಲ. ಎರಡನೆಯದು, ಆ ಅಧ್ಯಯನದಲ್ಲಿ ಕೆಲಸ ಮಾಡಿದ್ದು ವರ್ಷಗಳು ಕಳೆದಂತೆ ಗಟ್ಟಿಯಾದ ಬಾಂಧವ್ಯ, ತಾಳಿ ಕಟ್ಟಿದ ದಿನ ಅಲ್ಲ. ಯಾರದೋ ಮನೆ ಹೆಣ್ಣುಮಗಳನ್ನು ನಿಮ್ಮ ಹುಡುಗನ ಔಷಧಿ ಮಾಡಬೇಡಿ.

ಎಲ್ಲರಿಗೂ ಒಂದೇ ಮದ್ದು ಅನ್ನೋದೂ ತಪ್ಪು. ಅಷ್ಟೇನೂ ಅಪಾಯವಿಲ್ಲದ ಹುಡುಗರನ್ನು ಪಳಗಿದವರ ಜೊತೆ ಸೇರಿಸಿ ಕಟ್ಟುನಿಟ್ಟಿನ ಕಾರ್ಯಕ್ರಮ ಮಾಡಿದರೆ ಅವರು ಇನ್ನಷ್ಟು ಕೆಡುತ್ತಾರೆ ಅಂತ ಅಮೆರಿಕದ ಒಹಾಯೋದಲ್ಲಿ 2002ರ ಹೊತ್ತಿಗೆ ಗೊತ್ತಾಯಿತು. ಕೆಲಸ, ಮನೆ, ಓದು ಸರಿಯಿದ್ದವನನ್ನು ಎಳೆದು ತಂದು ಕಳ್ಳರ ಗುಂಪಿನಲ್ಲಿ ಕೂರಿಸಿದರೆ ಇನ್ನೇನಾಗುತ್ತದೆ? ಹೆಚ್ಚು ಗಮನ ಹೆಚ್ಚು ಅಪಾಯ ಇರುವವನಿಗೆ ಕೊಡಬೇಕು, ಮಿಕ್ಕವರನ್ನು ಅವರ ಬದುಕಿನ ಪಾಡಿಗೆ ಬಿಡಬೇಕು. ಇನ್ನು ಯೋಚನೆಯ ರೀತಿಯನ್ನೇ ತಿದ್ದುವ ಆಪ್ತಸಮಾಲೋಚನೆ ಇದೆ. ಕೈ ಹಾಕುವ ಮೊದಲಿನ ಆ ಎರಡು ನಿಮಿಷ ತಲೆಯಲ್ಲಿ ಏನು ಓಡುತ್ತದೆ, ಅದನ್ನು ಹಿಡಿಯುವುದು ಹೇಗೆ ಅಂತ ಅಭ್ಯಾಸ ಮಾಡಿಸುತ್ತಾರೆ. ಇಂಥ 58 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಮರು-ಅಪರಾಧ ಸರಾಸರಿ ಕಾಲು ಭಾಗದಷ್ಟು ಕಡಿಮೆಯಾಗಿತ್ತು. ಸಣ್ಣ ಲಾಭವೇನಲ್ಲ, ಪವಾಡವೂ ಅಲ್ಲ.

ನಿಮ್ಮ ಹುಡುಗನ ವಿಷಯದಲ್ಲಿ ಕೇಬಲ್ಲಿಗಿಂತ ಮೊದಲು ಬಂದದ್ದು ಮೊಬೈಲ್ ಆಟ. 2,400ನ್ನು ಮೂವರು ಹಂಚಿಕೊಂಡರೆ ತಲೆಗೆ 800. ಅಷ್ಟಕ್ಕೆ ರಾತ್ರಿಯೆಲ್ಲ ಕೆಸರಲ್ಲಿ ನಿಂತು ಕೇಬಲ್ ಎಳೆಯುವವನು ದುಡ್ಡಿನಾಸೆಯ ಕಳ್ಳನಲ್ಲ, ಯಾರಿಗೋ ನಾಳೆ ಬೆಳಿಗ್ಗೆ ಕಟ್ಟಬೇಕಾದವನು. ಯಾರಿಗೆ ಎಷ್ಟು ಕೊಡಬೇಕು ಅಂತ ಒಂದು ಹಾಳೆಯಲ್ಲಿ ಬರೆಸಿ. ಬೈಯದೆ ಬರೆಸಿ, ಇಲ್ಲದಿದ್ದರೆ ಅರ್ಧವೇ ಹೇಳುತ್ತಾನೆ. ಆಟ ಬಿಡಲಾಗುತ್ತಿಲ್ಲ ಅಂದರೆ ಅದೂ ಒಂದು ಚಟ, ಅದಕ್ಕೆ ಡಾಕ್ಟರಿದ್ದಾರೆ. ಮಂಡ್ಯದ ಮಿಮ್ಸ್‌ನಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೆಲಸದ ವಿಷಯ. ಐಟಿಐ ಎಲೆಕ್ಟ್ರಿಷಿಯನ್ ಅರ್ಧ ಓದಿದ್ದಾನೆ ಅಂದರೆ ಕೈಯಲ್ಲಿ ಏನೋ ಇದೆ. ಪ್ರತಿ ಜಿಲ್ಲೆಯಲ್ಲೂ ಬ್ಯಾಂಕಿನವರು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇರುತ್ತದೆ, ಆರ್‌ಸೆಟಿ ಅಂತಾರೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲೇ ಇವು ಬೆಳೆದದ್ದು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮೋಟಾರ್ ರಿವೈಂಡಿಂಗ್, ಪಂಪ್‌ಸೆಟ್ ರಿಪೇರಿಯ ಸುಮಾರು ಒಂದು ತಿಂಗಳ ತರಬೇತಿಯನ್ನೂ ಇವು ಕೊಡುತ್ತವೆ. ನಗು ಬಂತಾ? ಬೋರ್‌ವೆಲ್ ಕೇಬಲ್ ಕದ್ದವನಿಗೆ ಬೋರ್‌ವೆಲ್ ಮೋಟಾರ್ ರಿಪೇರಿ! ನನಗೆ ಅದರಲ್ಲಿ ತಮಾಷೆ ಕಾಣುವುದಿಲ್ಲ. ಆ ಕೆಲಸ ಮಾಡುವವನು ದಿನಾ ರೈತರ ಗದ್ದೆಗೆ ಹೋಗಬೇಕು. ಕೇಬಲ್ ಹೋದರೆ ಗದ್ದೆ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕು.

ಯಾಕೆಂದರೆ ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ, ನಾವು ಅವರನ್ನು ಮರೆತೇಬಿಟ್ಟಿದ್ದೇವೆ. ಆ ರೈತರು. ಕೇಬಲ್ ಹೋದ ದಿನದಿಂದ ಹೊಸದು ಬರುವವರೆಗೆ ನೀರಿಲ್ಲ. ಒಟ್ಲು (ಸಸಿಮಡಿ) ಹಾಕಿದ್ದರೆ ಒಟ್ಲು ಒಣಗಿರುತ್ತದೆ, ಕಬ್ಬಿದ್ದರೆ ಸುರುಳಿ ಸುತ್ತಿಕೊಂಡಿರುತ್ತದೆ. 18 ಸಾವಿರ ಬರೀ ತಂತಿಯ ಬೆಲೆ. ಪ್ರೊಬೇಷನ್ ಕೊಡುವಾಗ 5ನೇ ಸೆಕ್ಷನ್ ಪ್ರಕಾರ ಪರಿಹಾರ ಕಟ್ಟಲು ಕೋರ್ಟ್ ಆದೇಶಿಸಬಹುದು. ಆ ದುಡ್ಡನ್ನು ನೀವು ಜೇಬಿನಿಂದ ತೆಗೆದು ಎಸೆದುಬಿಡಬೇಡಿ. ಮೊದಲು ನೀವೇ ಕಟ್ಟಬೇಕಾದರೂ, ಹುಡುಗ ತಿಂಗಳು ತಿಂಗಳು ತನ್ನ ಕೂಲಿಯಿಂದ ನಿಮಗೆ ತೀರಿಸಲಿ. ಇದಲ್ಲದೆ ಕಳ್ಳತನದ ಕೇಸಿನಲ್ಲಿ ಮಾಲಿನ ಒಡೆಯರು ಒಪ್ಪಿದರೆ ರಾಜಿಗೂ ಕಾನೂನಿನಲ್ಲಿ ಅವಕಾಶವಿದೆ. ರಾಜಿಯಾದರೆ ಪ್ರೊಬೇಷನ್ ಪ್ರಶ್ನೆಯೇ ಬರುವುದಿಲ್ಲ. ಆದರೆ ನೀವಾಗಿ ನಾಲ್ಕು ಜನ ಕಟ್ಟಿಕೊಂಡು ಅವರ ಮನೆಗೆ ಹೋಗಬೇಡಿ. ಸಾಕ್ಷಿಗೆ ಒತ್ತಡ ಹಾಕಿದರು ಅಂತಾದರೆ ಜಾಮೀನೂ ರದ್ದಾಗಬಹುದು. ವಕೀಲರ ಮೂಲಕವೇ ಮಾತಾಡಿಸಿ. ರಾಜಿ ಆಗಿಬಿಟ್ಟರೆ ನನಗೊಂದು ಭಯವೂ ಇದೆ. ಕೇಸು ಮುಗಿಯುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಸಂಜೆ ಆರು ಗಂಟೆ ಮಾತ್ರ ಹಾಗೇ ಇರುತ್ತದೆ.

ಸರ್ಕಾರಿ ಕೆಲಸಕ್ಕೆ ತೊಂದರೆಯಾಗುತ್ತಾ ಅಂತ ನೀವು ಕೇಳಿಲ್ಲ, ಮುಂದೆ ಕೇಳುತ್ತೀರಿ. ಪ್ರೊಬೇಷನ್ ಸಿಕ್ಕವರಿಗೆ ಶಿಕ್ಷೆಯ ಜೊತೆ ಅಂಟಿಕೊಂಡು ಬರುವ ಅನರ್ಹತೆ ತಟ್ಟುವುದಿಲ್ಲ ಎಂದು 12ನೇ ಸೆಕ್ಷನ್ ಹೇಳುತ್ತದೆ. ಹಾಗಂತ ಕೇಸು ನಡೆದೇ ಇಲ್ಲ ಅನ್ನುವಂತಿಲ್ಲ. ಅರ್ಜಿಯಲ್ಲಿ ಕೇಸಿತ್ತಾ ಅಂತ ಕೇಳಿದರೆ ಇತ್ತು ಅಂತಲೇ ಬರೆಯಬೇಕು. ಸಣ್ಣ ಕೇಸಿಗಿಂತ ಅದನ್ನು ಮುಚ್ಚಿಟ್ಟದ್ದಕ್ಕೇ ಕೆಲಸ ಕಳೆದುಕೊಂಡವರು ಜಾಸ್ತಿ.

ಕೊನೆಗೆ ಬೆಂಗಳೂರು. ಬೇಡ, ಈಗಂತೂ ಬೇಡ. ಜಾಗ ಬದಲಾದರೆ ಒಳ್ಳೆಯದು ಅಂತ ನಾನೇ ಮೇಲೆ ಹೇಳಿದೆ, ನಿಜ. ಆದರೆ ಹುಡುಗನಿಗೋ ಅವನ ಜಾಮೀನುದಾರರಿಗೋ ಕೋರ್ಟಿನ ವ್ಯಾಪ್ತಿಯೊಳಗೆ ಖಾಯಂ ವಾಸವೋ ಕೆಲಸವೋ ಇದೆ ಅಂತ ಖಾತ್ರಿಯಾದರೆ ಮಾತ್ರ 4ನೇ ಸೆಕ್ಷನ್‌ನಲ್ಲಿ ಬಿಡುಗಡೆ. ಈಗ ಅವನನ್ನು ಸಾಗಹಾಕಿದರೆ, ವರದಿಗೆ ಬಂದ ಅಧಿಕಾರಿಗೆ ಸಿಗುವುದು ಬೀಗ ಹಾಕಿದ ಮನೆ. ಬೆಂಗಳೂರಿನಲ್ಲಿ ಅವನ ಸಂಜೆಯನ್ನು ನಿಮ್ಮ ತಮ್ಮ ನೋಡಿಕೊಳ್ಳುತ್ತಾರಾ? ಅವರೇ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮನೆ ಸೇರುವುದು ಒಂಬತ್ತಕ್ಕೆ ಇರಬೇಕು.

ಅಧಿಕಾರಿ ಮನೆಗೆ ಬಂದಾಗ 'ನಮ್ಮ ಹುಡುಗ ಚಿನ್ನ ಸಾರ್, ಸಹವಾಸ ದೋಷ' ಅನ್ನಬೇಡಿ. ಎಲ್ಲ ಮನೆಯಲ್ಲೂ ಅದನ್ನೇ ಕೇಳಿರುತ್ತಾರೆ. ಸಾಲ ಎಷ್ಟಿದೆ, ಈಗ ಎಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಾನೆ, ರಾತ್ರಿ ಎಷ್ಟಕ್ಕೆ ಬರುತ್ತಾನೆ, ತಡವಾದರೆ ಯಾರು ಫೋನ್ ಮಾಡುತ್ತೀರಿ, ಅದನ್ನು ಹೇಳಿ. ಆ ವರದಿ ಗೌಪ್ಯ, ಊರಿಗೆಲ್ಲ ಸಾರುವಂಥದ್ದಲ್ಲ. ಜೈಲಿನ ಸ್ನೇಹಿತನ ಫೋನಿನ ಬಗ್ಗೆಯೂ ಮುಚ್ಚಿಡಬೇಡಿ. ನಂಬರ್ ಬದಲಾಯಿಸಿದ್ದೀರಿ ಅಂತಾದರೆ ಅದನ್ನೂ ಹೇಳಿ.

ಮುಂದಿನ ವಾಯಿದೆಗೆ ಹೋಗುವಾಗ ಹುಡುಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಗೊಂಡು ಹೋಗಿ, ಹುಟ್ಟಿದ ದಿನಾಂಕಕ್ಕೆ ಅದು ಬೇಕು. ಆಧಾರ್ ಕಾರ್ಡ್, ಐಟಿಐನಲ್ಲಿ ಓದಿದ ದಾಖಲೆ, ಅಷ್ಟರೊಳಗೆ ಕೆಲಸ ಸಿಕ್ಕಿದ್ದರೆ ಮಾಲೀಕರಿಂದ ನಾಲ್ಕು ಸಾಲಿನ ಒಂದು ಪತ್ರ, ಇವಿಷ್ಟನ್ನು ವಕೀಲರ ಕೈಗೆ ಕೊಡಿ. ನಿಮ್ಮ ಅಕ್ಕನನ್ನೂ ಕರೆದುಕೊಂಡು ಹೋಗಿ. ಅವರು ಏನೂ ಮಾತಾಡಬೇಕಾಗಿಲ್ಲ. ಹೆಸರು ಕೂಗಿದಾಗ ಹುಡುಗ ತಿರುಗಿ ನೋಡುತ್ತಾನೆ, ಆಗ ಅವರು ಅಲ್ಲಿ ಕೂತಿರಲಿ.